ಮನೆಗೆ ಬಂದವರ ಮುಂದೆ

"ಅಯ್ಯೋ, ಕಾರ್ಖಾನೆ ಏನು ಮಾಡುತ್ತಮ್ಮಾ ಪಾಪ," ಎಂದಳು ತಾಮು, ಚಹಾವನ್ನು ಎತ್ತರದಿಂದ ಗ್ಲಾಸಿಗೆ ಸುರಿಯುತ್ತ. "ನಮ್ಮ ಹುಡುಗೀನೇ ಚಿಕ್ಕಂದಿನಿಂದ ಹೀಗೆ. ನೋಡ್ಕೊಂಡು ನಡೆಯೋದು ಗೊತ್ತಿಲ್ಲ. ಇದೇ ಹೊಸ್ತಿಲಲ್ಲಿ ಬಿದ್ದು ಕೈ ಮುರ್ಕೊಳ್ಳೋ ಜಾತಿ ಇವಳದು!"

ಮಗಳು ಮಿಲೂದಾ ಗೋಡೆಗೆ ಒರಗಿ ಕೂತಿದ್ದಳು. ಬಲಗೈಗೆ ಜೊಂಡಿನ ಸೀಳುಗಳನ್ನಿಟ್ಟು ಮೊಣಕೈವರೆಗೆ ಬಟ್ಟೆ ಸುತ್ತಿತ್ತು. ಹಿಂದಿನ ಮಧ್ಯಾಹ್ನ ಬೂತಾಯಿ ಮೀನಿನ ಡಬ್ಬಿಗೆ ಮುಚ್ಚಳ ಒತ್ತುವ ಯಂತ್ರ, ಮುಚ್ಚಳದ ಜೊತೆಗೇ ಆ ಕೈಯನ್ನೂ ಒತ್ತಿಬಿಟ್ಟಿತ್ತು.

ಎದುರಿಗೆ ಕೂತವಳು ಹನಿಯಾ, ಆ ಯಂತ್ರಗಳ ಸಾಲಿನ ಹೆಂಗಸರ ಮೇಲ್ವಿಚಾರಕಿ. ಓಡಿಬಂದು ಯಂತ್ರ ನಿಲ್ಲಿಸಿದವಳೂ ಅವಳೇ. "ಆಸ್ಪತ್ರೆಯವರು ನೋಡಿದ ಕೂಡ್ಲೇ ಕತ್ತರಿಸ್ತಾರೆ" ಎಂದು ಹೆದರಿಸಿ, ಟ್ಯಾಕ್ಸಿ ಮಾಡಿಸಿ ಮೂಳೆ ಕಟ್ಟುವವನ ಹತ್ತಿರ ಕರೆದೊಯ್ದವಳೂ ಅವಳೇ. ಇವತ್ತು ನೀಲಿ ಕಾಗದ ಸುತ್ತಿದ ಎರಡು ಸಕ್ಕರೆ ಅಚ್ಚು ಹೊತ್ತು ನೋಡಲು ಬಂದಿದ್ದಳು. ಈ ಸಾಫಿ ಊರಿನಲ್ಲಿ ಮದುವೆ ಮನೆಗೂ ಅದೇ, ಸಾವಿನ ಮನೆಗೂ ಅದೇ. ಕೂಲಿಯವಳ ಮನೆಗೆ ಎರಡು ಅಚ್ಚು ಬಂತೆಂದರೆ ಕೇರಿಗೆಲ್ಲ ಗೊತ್ತಾಗುತ್ತದೆ. ತಾಮು ಬಾಗಿಲನ್ನು ಬೇಕೆಂದೇ ತೆರೆದಿಟ್ಟಿದ್ದಳು. ಹನಿಯಾಳ ಜೊತೆ ಆಫೀಸಿನ ಗುಮಾಸ್ತನೊಬ್ಬ ಬಂದಿದ್ದ. ತಾಮುವಿನ ಮಾತು ಮುಗಿದ ಮೇಲೆ ಅವನು ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಏನೋ ಗೀಚಿಕೊಂಡ.

"ಲಲ್ಲಾ ಹನಿಯಾ, ಅಕ್ಕಾ, ಈ ಅಪಘಾತದ ಕಾಗದ ಗೀಗದ..." ಮಿಲೂದಾ ಬಾಯಿ ತೆರೆದಳು.

"ನಾನಿಲ್ವೇನೇ? ನೀನು ಕೈ ನೋಡ್ಕೋ. ಮುಂದಿನ ಹಂಗಾಮಿಗೆ ನಿನ್ನ ಜಾಗ ನಿಂಗೇ."

ಹಾಗೆನ್ನುವಾಗ ಹನಿಯಾಳ ಕಣ್ಣು ತುಂಬಿಕೊಂಡಿತು. ಅದು ನಾಟಕವಲ್ಲ ಎಂದು ಮಿಲೂದಾ ಈಗಲೂ ಹೇಳುತ್ತಾಳೆ. ಮಿಲೂದಾಳ ಹೊಟ್ಟೆ ಉರಿಯುವುದೂ ಅದಕ್ಕೇ.

ಅವರು ಆ ಕಡೆ ಹೋಗುತ್ತಲೇ, ಪಕ್ಕದ ಯಂತ್ರದಲ್ಲಿ ದುಡಿಯುವ ಇಝ್ಝಾ ಮುಸುಕು ಎಳೆದುಕೊಂಡು ಒಳಗೆ ನುಗ್ಗಿದಳು. "ಏನೇ, ಮದುವಣಗಿತ್ತಿ ಥರ ಕೂತಿದೀಯಲ್ಲ! ಏಳು. ಇವತ್ತೇ ಕಾರ್ಮಿಕ ಇಲಾಖೆಗೆ ಹೋಗಿ ದೂರು ಬರೆಸು. ಎರಡು ದಿನ ದಾಟಿದ್ರೆ ನಿನ್ನ ಕೈಯನ್ನ ನಾಯೀನೂ ಮೂಸಲ್ಲ."

"ಬಾಯಿ ಮುಚ್ಚೇ," ಎಂದಳು ತಾಮು. "ಅವರು ತಂದ ಸಕ್ಕರೆ ಇನ್ನೂ ಗಂಟಲಲ್ಲಿದೆ. ಈಗಲೇ ಹೋಗಿ ದೂರು ಕೊಡ್ತಾಳಂತೆ! ನಮಗೇನು ಮಾನ ಮರ್ಯಾದೆ ಇಲ್ವಾ?"

ಮಿಲೂದಾ ಏಳಲಿಲ್ಲ. ನೋವಿಗಿಂತ ನಾಚಿಕೆ ಅವಳನ್ನು ಕಟ್ಟಿಹಾಕಿತ್ತು. ಹನಿಯಾ ಇನ್ನೂ ಎರಡು ಸಲ ಬಂದಳು, ಎರಡು ಸಲವೂ ಕಾಗದದ ಕೆಲಸ ನಡೀತಿದೆ ಎಂದಳು. ಆಮೇಲೆ ಬರುವುದು ನಿಂತಿತು. ಕಟ್ಟು ಬಿಚ್ಚಿದಾಗ ಮೂರು ಬೆರಳು ಮಡಿಸಿದ್ದು ಮಡಿಸಿದ ಹಾಗೇ ಇದ್ದವು. ಕಾರ್ಖಾನೆಯ ಗೇಟಿನಲ್ಲಿ ಕಾವಲುಗಾರ ಪಟ್ಟಿ ನೋಡಿ, "ನಿನ್ನ ಹೆಸರು ಇಲ್ಲಮ್ಮ" ಎಂದ. ಒಳಗೆ ಹನಿಯಾ ಇದ್ದಳು, ಹೊರಗೆ ಬರಲಿಲ್ಲ.

ಗೇಟಿನಿಂದ ಮರಳಿದ ದಿನವೇ ಕೊಟ್ಟ ದೂರಿಗೆ ಕರೆ ಬಂದು, ಇಪ್ಪತ್ತಮೂರನೆಯ ದಿನ ತಾಯಿ ಮಗಳು ಕಾರ್ಮಿಕ ಇಲಾಖೆಯ ಮೆಟ್ಟಿಲು ಹತ್ತಿದರು. ಅಧಿಕಾರಿ ನೆಗಡಿ ಹಿಡಿದ, ಸೋತ ಮುಖದ ಮನುಷ್ಯ. ತಾಯಿ ಮಗಳ ಕಡೆಯೇ ಇದ್ದ ಎನ್ನಬೇಕು.

"ತಡ ಮಾಡಿದ್ರಿ, ಆಸ್ಪತ್ರೆ ಚೀಟೀನೂ ಇಲ್ಲ. ಎರಡು ದಿನದೊಳಗೆ ತಿಳಿಸ್ಬೇಕಿತ್ತು. ಆದ್ರೂ ಆ ಇಝ್ಝಾ ಅನ್ನೋಳು ಧೈರ್ಯ ಮಾಡಿ ಸಾಕ್ಷಿ ಹೇಳಿದಾಳೆ. ಹೇಗಾದ್ರೂ ನಿಲ್ಲಿಸ್ಬಹುದಿತ್ತು. ಅಷ್ಟರಲ್ಲಿ ಕಾರ್ಖಾನೆಯವರು ಇದನ್ನ ಕಳಿಸಿದಾರೆ." ಅವನು ಓದಿದ: "ಕೆಲಸಗಾರ್ತಿ ಮನೆಯ ಹೊಸ್ತಿಲಲ್ಲಿ ಬಿದ್ದು ಕೈ ಮುರಿದುಕೊಂಡಿದ್ದಾಳೆಂದು, ಇದರಲ್ಲಿ ಕಾರ್ಖಾನೆಯ ಪಾತ್ರವೇನೂ ಇಲ್ಲವೆಂದು ಅವಳ ತಾಯಿಯೇ ಮೇಲ್ವಿಚಾರಕಿ, ಗುಮಾಸ್ತ ಇಬ್ಬರ ಎದುರಿಗೆ ಹೇಳಿದ್ದಾರೆ."

ಮಿಲೂದಾ ತಾಯಿಯ ಕಡೆ ತಿರುಗಿದಳು.

ಅಧಿಕಾರಿ ಕಾಗದ ಕೆಳಗಿಟ್ಟು ಮೂಗು ಒರೆಸಿಕೊಂಡ. "ಅಮ್ಮಾ, ನಾನು ಹಾಗೆ ಹೇಳ್ಲೇ ಇಲ್ಲ ಅಂತ ನೀವು ಒಂದು ಮಾತು ಅಂದ್ರೆ ಸಾಕು. ಹಾಗೇ ಬರ್ಕೋತೀನಿ."

ಇಪ್ಪತ್ತಮೂರು ದಿನದಲ್ಲಿ ಮೊದಲ ಬಾರಿಗೆ ಮಿಲೂದಾಳ ಎದೆ ಹಗುರಾಯಿತು. ಹೇಳಿಲ್ಲ ಅನ್ನು ಅಮ್ಮಾ, ಅಂದುಬಿಡು, ಎಂದು ಒಳಗೊಳಗೇ ಬೇಡಿಕೊಂಡಳು.

"ಹೇಳಿದ್ದೆ ಮಗಾ," ಎಂದಳು ತಾಮು. "ನನ್ನ ಬಾಯಿಂದ ಬಂದ ಮಾತನ್ನ ಬಂದೇ ಇಲ್ಲ ಅಂತ ಹೇಗನ್ಲಿ? ಗೋರಿ ಬಾಗಿಲಲ್ಲಿ ಕೂತಿದೀನಿ ನಾನು."

"ಅಮ್ಮಾ!" ಮಿಲೂದಾಳ ದನಿ ಕಿರುಚಿದಂತೆ ಬಂತು. "ನಾನು ಹೊಸ್ತಿಲಲ್ಲಿ ಬಿದ್ದಿದ್ನಾ? ಆ ಸುಳ್ಳಿಗೆ ನಾಲಿಗೆ ಎದ್ದಿತ್ತಲ್ಲ?"

ತಾಮು ನಿಜಕ್ಕೂ ಅರ್ಥವಾಗದವಳಂತೆ ಮಗಳನ್ನು ನೋಡಿದಳು. "ಅದು ಸುಳ್ಳು ಹೇಗಾಗುತ್ತೇ? ಮನೆಗೆ ಬಂದೋರ ಮುಂದೆ ಆಡೋ ಮಾತು ಅದು."

ತಾಯಿ ಒಪ್ಪಿದ್ದಾಳೆ, ದೂರು ನಿಲ್ಲುವುದಿಲ್ಲ ಎಂದು ಅಧಿಕಾರಿ ನಾಲ್ಕು ಸಾಲು ಬರೆದು, ಶಾಯಿಯ ಡಬ್ಬಿಯನ್ನು ಮುಂದಕ್ಕೆ ತಳ್ಳಿದ. ತಾಮು ಹೆಬ್ಬೆಟ್ಟು ಒತ್ತಿದಳು. ಮಿಲೂದಾಳಿಗೆ ಅವನು ಪೆನ್ನು ಕೊಟ್ಟ. ಐದನೆಯ ತರಗತಿ ಓದಿದವಳು ಅವಳು. ಕಾರ್ಖಾನೆಯ ಇಡೀ ಸಾಲಿನಲ್ಲಿ ತನ್ನ ಹೆಸರು ತಾನೇ ಬರೆಯುತ್ತಿದ್ದವಳು ಅವಳೊಬ್ಬಳೇ. ಎಡಗೈಯಲ್ಲಿ ಪೆನ್ನು ಎರಡು ಸಲ ಜಾರಿತು.

ತಾಮು ಪೆನ್ನನ್ನು ಮೆಲ್ಲಗೆ ಬಿಡಿಸಿ ಪಕ್ಕಕ್ಕಿಟ್ಟಳು. ಮಗಳ ಎಡ ಹೆಬ್ಬೆರಳು ಹಿಡಿದು ಶಾಯಿಗೆ ಅದ್ದಿ, ಕಾಗದದ ಮೇಲೆ ತಂದಿಟ್ಟು ಒತ್ತಿದಳು. "ಅಲ್ಲಾಡಿಸ್ಬೇಡ ಮಗಳೇ," ಎಂದಳು, "ಚಿತ್ತಾಗುತ್ತೆ."