ಹಿಮ್ಮಡಿಯ ಎತ್ತರ

ವಾಚಕ ಮಹಾಶಯರೇ, ಪರರ ಅಂತಃಕರಣವನ್ನು ಪ್ರವೇಶಿಸುವವರು ಅಲ್ಲಿ ಸೌಜನ್ಯವನ್ನು ನಿರೀಕ್ಷಿಸತಕ್ಕದ್ದಲ್ಲ; ಒಳಗೆ ಥಂಡಿಯಿದೆ, ಮಬ್ಬಿದೆ, ಪರದೆಯ ಮೇಲೆ ಹಸಿರು ಗೆರೆಗಳ ಒಂದು ಕಾಲು ತಿರುಗುತ್ತಿದೆ.

ತಿರುಗುತ್ತಿದೆ, ತೊಡೆ, ಮೊಣಕಾಲು, ಕಣಕಾಲು, ಪಾದ, ಬಿಡಿಭಾಗಗಳನ್ನು ಒಂದೊಂದಾಗಿ ತಂದು ಕೀಲು ಕೂಡಿಸಿದವನು ಲಿಡ್ವಿನ್, ಈ ಕೀಲು ಇಷ್ಟೇ ಮಡಚಬೇಕು, ಇದಕ್ಕಿಂತ ಆಚೆ ಹೋಗಬಾರದು ಎಂದು ಕಂಪ್ಯೂಟರಿಗೆ ಕಟ್ಟಪ್ಪಣೆ ಮಾಡಿದವನೂ ಅವನೇ, ಈಗ ಪಾದದ ಹಿಂಬದಿಯ ಕೆಳಗೆ ಒಂದು ಸಣ್ಣ ತುಂಡನ್ನು ಎಳೆದು ತಂದು ಸೇರಿಸುತ್ತಾನೆ, ಬೂಟಿನ ಹಿಮ್ಮಡಿಯಷ್ಟೇ ದಪ್ಪದ್ದು, ಸೇರಿಸಿದ ಕೂಡಲೇ ಕಣಕಾಲು ವಾಲುತ್ತದೆ, ಮೊಣಕಾಲು ಮೈಭಾರದ ಗೆರೆಯನ್ನು ದಾಟಿ ಮುಂದೆ ಬರುತ್ತದೆ, ಇನ್ನು ಭಾರ ಬಿದ್ದರೆ ಮಡಚದೆ ಗತ್ಯಂತರವಿಲ್ಲ – ನಿನ್ನೆ ಕಾಪುವಿನ ಮದುವೆ ಚಪ್ಪರದಲ್ಲಿಯೂ ಹೀಗೆಯೇ, ಕಟಪಾಡಿಯಲ್ಲಿ ಲಾರಿಯಡಿ ಒಂದು ಕಾಲು ಕಳೆದುಕೊಂಡ, ಬಾವ ಎಂಬ ಹೆಸರಿನ ಗಿರಾಕಿ, ಮಗಳು ಆಸ್ಯಾಳ ಮದುವೆಯಲ್ಲಿ ಕೋಲು ಹಿಡಿಯದೆ ನಿಂತು ದಿಬ್ಬಣವನ್ನು ಎದುರುಗೊಳ್ಳಬೇಕೆಂಬ ಒಂದೇ ಹಟದಿಂದ ಈ ಕೃತಕ ಕಾಲನ್ನು ಮಾಡಿಸಿಕೊಂಡ ಬಾವ, ಎರಡು ಹೆಜ್ಜೆ ಇಟ್ಟು ಕೈ ಚಾಚಿದ, ಮೊಣಕಾಲು ಮುಂದೆ ಬಂತು, ಮದುಮಗನ ಕಾಲ ಬುಡದಲ್ಲೇ ಬಿದ್ದ, ಎಂತ ಮಾರಾಯ, ಹುಡುಗಿಯ ಅಪ್ಪ ಎಣ್ಣೆ ಹಾಕಿಕೊಂಡು ಬಂದದ್ದಾ, ದಿಬ್ಬಣದಲ್ಲಿ ಯಾರೋ, ನಗು, ಆಸ್ಯಾ ಬಾಗಿಲ ಮರೆಯಿಂದ ನೋಡಿದಳು, ಲಿಡ್ವಿನ್‌ಗೆ ಆಗ ಮೊದಲು ಬಂದದ್ದು ಮರುಕವಲ್ಲ, ಸಿಟ್ಟು – ಈ ಮನುಷ್ಯನಿಗೆ ಬೂಟು ಹಾಕಲು ಹೇಳಿದವರು ಯಾರು.

ಯಾರೂ ಹೇಳಬೇಕಾಗಿರಲಿಲ್ಲ, ಮದುವೆಗೆಂದು ಬಾವನ ಹೆಂಡತಿಯ ತಮ್ಮ ಕಬೀರ್ ದುಬೈಯಿಂದ ಕಳಿಸಿದ ಬೂಟು, ಮಗಳ ಮದುವೆಯಲ್ಲಿ ಬರಿಗಾಲಲ್ಲಿ ನಿಲ್ಲುತ್ತಾನೆಯೇ ಯಾರಾದರೂ, ಆದರೆ ಕಾರ್ಕಳದ ಈ ಕಚೇರಿಯಲ್ಲಿ ಕಂಪ್ಯೂಟರಿಗೆ ಧೂಳು ತಾಗಬಾರದು, ದೇವರ ಕೋಣೆಯಂತೆ ಚಪ್ಪಲಿ ಹೊರಗೆ, ಅಳತೆ ತೆಗೆದದ್ದು ಬರಿಗಾಲಲ್ಲಿ, ನಡೆಸಿ ನೋಡಿದ್ದು ಬರಿಗಾಲಲ್ಲಿ, ಪರದೆಯ ಕಾಲು ನಡೆದಂತೆ ಬಾವನೂ ನಡೆದ, ಯಜಮಾನರಾದ ಸರ್ವೋತ್ತಮ ಚಪ್ಪಾಳೆ ತಟ್ಟಿದರು, ಮನುಷ್ಯರು ಹೊರಗೆ ಬೂಟು ಹಾಕುತ್ತಾರೆಂಬುದು ಈ ನೆಲದ ಮೇಲೆ ಒಬ್ಬರಿಗೂ ಹೊಳೆಯಲಿಲ್ಲ. ಲಿಡ್ವಿನ್, ಆ ಬಾವ ಬಿದ್ದದ್ದು ನಮ್ಮ ಲೆಕ್ಕ ತಪ್ಪಿ ಅಲ್ವಲ್ಲ, ಬೆಳಿಗ್ಗೆ ಸರ್ವೋತ್ತಮ, ಪುಣೆಯ ಕಂಪೆನಿಗೆ ನಿನ್ನ ಬಗ್ಗೆ ಬರೆಯುವ ಮೊದಲು ಕೇಳಿದೆ. ಅಲ್ಲ ಸರ್. ಅವರು ಶಿಫಾರಸು ಬರೆದುಕೊಟ್ಟರು, ಜೇಬಿನಲ್ಲಿದೆ, ಊರಿಂದೂರಿಗೆ ಅಲೆದ ಇಷ್ಟು ವರ್ಷಗಳಲ್ಲಿ ಇಷ್ಟು ದೊಡ್ಡ ಬಾಗಿಲು ತೆರೆದದ್ದು ಇದೇ ಮೊದಲು.

ಹೊಸ್ತಿಲಾಚೆ ನೆರಳು, ಬಾವ, ಬೂಟಿನ ಕಾರಣ ಒಳಗೆ ಬರಲಾರ. ಮಾಸ್ಟ್ರೇ, ಶುಕ್ರವಾರ ಅಳಿಯನ ಮನೆಯಲ್ಲಿ ಊಟ ಉಂಟು, ಕೋಲು ಹಿಡಿದು ಹೋದರೆ ಮಗಳನ್ನು ದಿನಾ ಹಂಗಿಸ್ತಾರೆ, ನಿಜ ಹೇಳಿ, ಕಾಲಿನಲ್ಲಿ ಎಂತಾದರೂ ಕುಂದು ಉಂಟಾ, ಅಲ್ಲ ನನ್ನದೇ ತಪ್ಪಾ. ಬೂಟಿನ ಹಿಮ್ಮಡಿಯನ್ನು ಉಜ್ಜಿ ತಗ್ಗಿಸಿದರೆ ಸಾಕು, ಮಾತು ಬಾಯಿಯವರೆಗೆ ಬಂತು, ಜೇಬಿನ ಕಾಗದ ಎದೆಗೆ ಒತ್ತಿತು. ಕಾಲು ಸರಿ ಉಂಟು ಬಾವನವರೇ, ನೀವು ಹೆದರಿದ್ದು, ಧೈರ್ಯ ಮಾಡಿ ಪೂರಾ ಭಾರ ಹಾಕಿ. ಬಾವನ ಮುಖ ಅರಳಿತು, ಅಷ್ಟೇಯಾ, ನಾನೂ ಹೆಂಡತಿಗೆ ಅದನ್ನೇ ಹೇಳಿದೆ, ನಿಮ್ಮ ಮಿಷನು ತಪ್ಪುವುದುಂಟಾ ಅಂತ, ಇಲ್ಲೇ ಜಗಲಿಯಲ್ಲಿ ಅಭ್ಯಾಸ ಮಾಡ್ತೇನೆ, ಆಗ್ಬಹುದಾ. ಮಾಡಿ, ಮಾಡಿ.

ಸೇರಿಸಿದ ತುಂಡನ್ನು ಅಳಿಸುತ್ತಾನೆ, ಪರದೆಯ ಕಾಲು ಮತ್ತೆ ನೆಟ್ಟಗಾಗುತ್ತದೆ, ನಿರ್ದೋಷಿ, ಫ್ಲಾಪಿಗಳನ್ನು ಅಂಗಿಯೊಳಗೆ ಸುತ್ತಿ ಚೀಲಕ್ಕೆ, ಬಾಚಣಿಗೆ, ಲುಂಗಿ, ಓದಿ ಮುಗಿಸದ ಪತ್ತೇದಾರಿ ಕಾದಂಬರಿ, ಹೊರಗೆ ಧಡ್ಡೆಂದು ಸದ್ದು, ಬಾವ ಕಂಬ ಹಿಡಿದು ಏಳುತ್ತಾನೆ, ಗಲ್ಲದಲ್ಲಿ ರಕ್ತ, ಇದು ಹೆದರಿಕೆ ಮಾಸ್ಟ್ರೇ, ನೀವು ಹೇಳಿದ್ದು ಸರಿ, ಈಗ ನೋಡಿ ಪೂರಾ ಹಾಕ್ತೇನೆ – ಲಿಡ್ವಿನ್ ತನ್ನ ಬೂಟು ಮೆಟ್ಟಿ ಲಾಡಿ ಬಿಗಿದು ಚೀಲ ಹೆಗಲಿಗೇರಿಸಿ ಪುಣೆಗೆ ಹೊರಟು ಉಡುಪಿಯ ಬಸ್ಸಿಗೆಂದು ಮೆಟ್ಟಿಲಿಳಿಯುತ್ತಾನೆ, ತಿರುಗಿ ನೋಡುವುದಿಲ್ಲ, ನೋಡಬೇಕಾಗಿಯೂ ಇಲ್ಲ, ಬೆನ್ನ ಹಿಂದೆ ಹಿಮ್ಮಡಿ ನೆಲ ಮುಟ್ಟುತ್ತದೆ, ಕಣಕಾಲು ವಾಲುತ್ತದೆ, ಮೊಣಕಾಲು ಮುಂದೆ ಬರುತ್ತದೆ, ಮೊಣಕಾಲು ಮುಂದೆ, ಮೊಣಕಾಲು –