ಗುಡ್ಡ ಮನ್ಯಾಗ ಅದ

ಸಮತಟ್ಟಾದ ರಸ್ತೆಯಲ್ಲೂ ಸಿದ್ದಮ್ಮನವರು ಬೆಟ್ಟ ಹತ್ತುವವರಂತೆಯೇ ನಡೆಯುತ್ತಾರೆ: ಮೈ ತುಸು ಮುಂದಕ್ಕೆ ಬಾಗಿಸಿ, ಕೈಗಳನ್ನು ಬೆನ್ನ ಹಿಂದೆ ಹೆಣೆದು, ಹೆಜ್ಜೆ ಊರುವ ಮುನ್ನ ಪಾದದಿಂದ ನೆಲವನ್ನು ಪರೀಕ್ಷಿಸುತ್ತ. ಸೀರೆಯ ಮೇಲೆ ತೀರಿಹೋದ ಗಂಡನ ಕಂದು ಕೋಟು. ಅದರ ಜೇಬುಗಳು ಕಲ್ಲುಚೂರುಗಳ ಭಾರಕ್ಕೆ ಜೋತುಬಿದ್ದಿವೆ. ವಿಜಯಪುರದ ಕಡೆಯ ಕಪ್ಪು ಮಣ್ಣಿನ ಬಯಲಿನಲ್ಲಿ ಹುಟ್ಟಿ, ಅಲ್ಲಿಯೇ ಭೂಗೋಳ ಕಲಿಸಿ ನಿವೃತ್ತರಾದ ಅವರು ಮಾದನಾಯಕನಹಳ್ಳಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮನೆ ಕೊಂಡದ್ದು ಹಿತ್ತಲಿನ ಬಂಡೆಯನ್ನು ನೋಡಿ.

ಮಲಗಿದ ಆನೆಯಂತಿದ್ದ ಆ ಬಂಡೆಯ ಮೇಲೆ ಬೆಳಿಗ್ಗೆ ಕೂತು, ಗೋದಾಮುಗಳ ತಗಡಿನ ಸೂರುಗಳಾಚೆ ಶಿವಗಂಗೆಯ ಶಿಖರವನ್ನು ಹುಡುಕುತ್ತಿದ್ದರು. ಕಂಡ ದಿನ ನನ್ನ ಬಾಲ್ಕನಿಗೂ ಕೂಗು ಬರುತ್ತಿತ್ತು: “ಬರ್ರಿ, ಇವತ್ತ ಗುಡ್ಡ ಮನ್ಯಾಗ ಅದ!”

ಶಿವಗಂಗೆ, ಸಾವನದುರ್ಗ, ರಾಮನಗರದ ಬೆಟ್ಟಗಳು ಒಂದೇ ಸಾಲಿನವು. ನೆಲದಾಳದಲ್ಲಿ ಗಟ್ಟಿಯಾದ ಶಿಲೆ, ಮೇಲಿನ ನೆಲ ಸವೆದಂತೆ ಹೊರಬಂದದ್ದು. ನಮ್ಮ ಬಂಡೆ ಅವಕ್ಕೂ ಹಿರಿಯದು ಎಂದು ಅವರೇ ಹೇಳಿಕೊಟ್ಟದ್ದು. “ಗುಡ್ಡ ತಾನಾಗಿ ಮ್ಯಾಲ ಏಳಂಗಿಲ್ರಿ, ಸುತ್ತಿನ ಮಣ್ಣು ಕೆಳಗ ಹೋಗತದ. ತಾಳ್ಮಿ ಅಂದ್ರ ಅದು.”

ಆ ತಾಳ್ಮೆ ನಮ್ಮ ನಿವಾಸಿಗಳ ಸಂಘಕ್ಕಿರಲಿಲ್ಲ. ಬಂಡೆ ಒಡೆದು ಕಾರು ನಿಲ್ಲಿಸಲು ಜಾಗ ಮಾಡಬೇಕೆಂಬ ಮಾತು ಸಭೆಗೆ ಬಂತು.

“ಮೇಡಂ, ಸುಮ್ನೆ ಬಿದ್ದಿರೋ ಕಲ್ಲು ಅದು,” ಎಂದರು ಕಾರ್ಯದರ್ಶಿ ವಸಂತ್.

“ಸುಮ್ನ ಬಿದ್ದದ್ದು ಕಲ್ಲಲ್ಲ ತಮ್ಮಾ, ನಿನ್ನ ಎರಡನೇ ಕಾರು.”

ಎಲ್ಲರೂ ನಕ್ಕರು. ನಕ್ಕವರೇ ಒಡೆಯಲು ಕೈ ಎತ್ತಿದರು. ಕಂಪ್ರೆಸರ್ ಕೊರೆತಕ್ಕೆ ಅಡುಗೆಮನೆಯ ಪಾತ್ರೆಗಳು ನಡುಗಿದವು. ಸುಮಾರು ಮುನ್ನೂರು ಕೋಟಿ ವರ್ಷದ ಶಿಲೆ ಜಲ್ಲಿಯಾಗಿ ಲಾರಿ ಹತ್ತಿತು.

ಇಷ್ಟಕ್ಕೇ ಮುಗಿದಿದ್ದರೆ ದುರಾಸೆ ಎಂದು ಸುಮ್ಮನಾಗಬಹುದಿತ್ತು. ಉಳಿದ ಮೂಲೆಗೆ ‘ನಿಸರ್ಗದ ಕಳೆ’ ಬೇಕೆಂದು ಅದೇ ಸಂಘ, ತಂತಿಬಲೆಗೆ ಸಿಮೆಂಟು ಮೆತ್ತಿಸಿ, ಬೂದು ಬಣ್ಣ ಬಳಿಸಿ, ಹೊಸದೊಂದು ಬಂಡೆ ಮಾಡಿಸಿತು. ಪಂಪು ಹಾಕಿದರೆ ಅದರ ನೆತ್ತಿಯಿಂದ ನೀರು ಸುರಿಯುತ್ತದೆ. ನಾಚಿಕೆಗೆ ಒಂದು ಮಿತಿ ಇರುವಂತೆ ನಾಚಿಕೆಗೇಡಿತನಕ್ಕೆ ಇಲ್ಲ: ಉದ್ಘಾಟನೆಗೆ ಸಿದ್ದಮ್ಮನವರನ್ನೇ ಕರೆದರು.

“ನಿಮಗೋಸ್ಕರಾನೇ ಮಾಡ್ಸಿದ್ದು ಮೇಡಂ. ಒಂದು ಫೋಟೋ, ಪ್ಲೀಸ್,” ಎಂದರು ವಸಂತ್.

ಅವರು ಹೋದರು. ಬೆರಳಗಂಟಿನಿಂದ ಬಂಡೆಯನ್ನು ತಟ್ಟಿದರು. ಖಾಲಿ ಡಬ್ಬದ ಸದ್ದು. ಕೋಟಿನ ಜೇಬಿನಿಂದ ಹಳೆಯ ಬಂಡೆಯ ಚೂರೊಂದನ್ನು ತೆಗೆದು ವಸಂತ್ ಕೈಯಲ್ಲಿಟ್ಟರು.

“ಹಿಡಿ. ಭಾರ ಅದ, ಅಲ್ಲ?”

ವಸಂತ್ ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದೇ ನಿಂತರು. ಫೋಟೋದಲ್ಲಿ ಸಿದ್ದಮ್ಮನವರಿಲ್ಲ.

ಬೆಟ್ಟದ ನೆರಳಲ್ಲೇ ಬೆಳೆದವರಿಗೆ ಬೆಟ್ಟ ಮನೆಯ ಗೋಡೆಯಂತೆ, ಕಣ್ಣಿಗೆ ಬೀಳುವುದೇ ಇಲ್ಲ. ಬಯಲಿನಿಂದ ಬಂದವರು ದಿನವೂ ಅದನ್ನು ಹೊಸದಾಗಿ ನೋಡುತ್ತಾರೆ. ಇಂಥವರ ಕಾಲ ಕೆಳಗಿನ ಕಲ್ಲನ್ನು ಕೀಳಬಹುದು, ಏರುವುದನ್ನು ಬಿಡಿಸಲಾಗದು. ಬಂಡೆಯಿದ್ದ ಸಮತಟ್ಟಿನಲ್ಲಿ, ಸಾಲುಗಟ್ಟಿದ ಕಾರುಗಳ ನಡುವೆ, ಮೈ ಮುಂದಕ್ಕೆ ಬಾಗಿಸಿ ಅವರು ಇನ್ನೂ ಹತ್ತುತ್ತಲೇ ಇರುತ್ತಾರೆ.