ಬಿಸಿಗಾಳಿಯ ಲೆಕ್ಕ

ಕ್ರಾಂತಿಕುಮಾರನ ಕೆಂಪು ಕಾರು ಗ್ಯಾರೇಜಿನಿಂದ ಹೊರಟು ಹರಪನಹಳ್ಳಿ ರಸ್ತೆಗೆ ತಿರುಗಿದಾಗ ಮುಬೀನಾಳ ಎದೆ ಹೆಮ್ಮೆಯಿಂದ ಉಬ್ಬಿತ್ತು. ಕೊಟ್ಟೂರಿನಲ್ಲಿ ಅವಳ ಅಪ್ಪ ಮೌಲಾಸಾಬರ ಗ್ಯಾರೇಜು ಗೊತ್ತಿಲ್ಲದವರಿಲ್ಲ. ಇಂಜಿನ್ ಬಿಚ್ಚಿ ಕಟ್ಟುವುದು ಅಪ್ಪನ ಪಾಲಿನದು. ವೈರು, ಸೆನ್ಸರು, ಕಂಪ್ಯೂಟರು ಎಂದರೆ ಡಿಪ್ಲೊಮಾ ಓದಿ ಬಂದ ಮಗಳದು.

ಕ್ರಾಂತಿಕುಮಾರ ಕೂಡ್ಲಿಗಿಯವನು, ತಾಲ್ಲೂಕು ಕಚೇರಿಯಲ್ಲಿ ಸರ್ವೇಯರ್. ನೌಕರಿ ಸಿಕ್ಕಂದಿನಿಂದ ಅವನಿಗೆ ಕಾರಿನ ಹುಚ್ಚು. ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರೊಂದನ್ನು ಕೊಂಡು, ಇಂಜಿನ್ನಿಗೆ ಗಾಳಿ ಒತ್ತುವ ಟರ್ಬೊ ತೆಗೆಸಿ ಅದಕ್ಕಿಂತ ದೊಡ್ಡದನ್ನು ಹಾಕಿಸಿದ್ದ. ಆದರೆ ಕಾರಿನ ಜೊತೆ ಕಂಪನಿಯಿಂದಲೇ ಬಂದ ಕಂಪ್ಯೂಟರು ಇದಕ್ಕೆ ಒಪ್ಪಲಿಲ್ಲ. ಕಾಲು ಒತ್ತಿದ ಕೂಡಲೇ ಹಳದಿ ದೀಪ ಹೊತ್ತಿಸಿ ಇಂಜಿನ್ನಿನ ಉಸಿರು ಹಿಡಿದುಬಿಡುತ್ತಿತ್ತು. ಆಮೇಲೆ ಸೈಕಲ್ಲಿನವರೂ ಹಿಂದೆ ಹಾಕಿ ಹೋಗುವ ನಡಿಗೆ. ಅದನ್ನು ಕಿತ್ತುಹಾಕಿ, ರೇಸಿನವರು ಬಳಸುವಂಥ ಹೊರಗಿನ ಕಂಪ್ಯೂಟರ್ ಕೂಡಿಸಬೇಕೆಂದು ಅವನು ಹಟ ಹಿಡಿದ. ಮುಬೀನಾಳಿಗೂ ಅದೇ ಬೇಕಾಗಿತ್ತು. ಅಂಥ ಕೆಲಸ ಈ ಸೀಮೆಯಲ್ಲಿ ಯಾರೂ ಮಾಡಿರಲಿಲ್ಲ.

ಮೌಲಾಸಾಬರಿಗೆ ಮಾತ್ರ ಮನಸ್ಸಿರಲಿಲ್ಲ.

"ಕಂಪನಿ ಪೆಟ್ಟಿಗಿಗೆ ಅಂಜಿಕಿ ಅಂದ್ರ ಏನಂತ ಗೊತ್ತೈತ್ರಿ ಸರ್ವೇಯರ್ ಸಾಹೇಬ್ರ," ಎಂದಿದ್ದರು. "ನೀವು ತಂದ ಪೆಟ್ಟಿಗಿಗೆ ನಾವು ಕಲಿಸಿದಷ್ಟ ಗೊತ್ತು. ನಾವು ಏನರ ಕಲಿಸಾದು ಮರ್ತ್ರ, ಅದು ಮುರಿಯೋತನಾ ಓಡತೈತಿ."

ಮುಬೀನಾ ಕಲಿಸಿದಳು. ರಸ್ತೆ ಖಾಲಿಯಿರುವ ಬೆಳಗಿನ ತಂಪು ಹೊತ್ತಿನಲ್ಲಿ ಕ್ರಾಂತಿಕುಮಾರ ಕಾರು ಓಡಿಸುತ್ತಿದ್ದ. ಅವಳು ಪಕ್ಕದಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಎಷ್ಟು ಪೆಟ್ರೋಲ್, ಯಾವ ಗಳಿಗೆಗೆ ಕಿಡಿ ಎಂದು ಒಂದೊಂದೇ ತಿದ್ದುತ್ತಿದ್ದಳು. ಇಂಜಿನ್ನಿನೊಳಗೆ ಪೆಟ್ರೋಲ್ ಹೊತ್ತಿಗೆ ಮೊದಲೇ ಸಿಡಿದು ಪಿಸ್ಟನ್ನನ್ನು ಕುಟ್ಟಿದರೆ ಆ ಸದ್ದು ಹಿಡಿಯುವ ಸೆನ್ಸರೊಂದಿತ್ತು. ಅದು ಸುಮ್ಮಸುಮ್ಮನೆ ಎಚ್ಚರಿಕೆ ಕೊಡುತ್ತಿದ್ದುದರಿಂದ, ಆಮೇಲೆ ಸರಿಮಾಡಿದರಾಯಿತೆಂದು ಅದನ್ನು ಆಫ್ ಮಾಡಿದ್ದಳು. ಕಾರು ಬಾಣದ ಹಾಗೆ ಓಡಿತು. ಕ್ರಾಂತಿಕುಮಾರ ಅಂದೇ ಮಧ್ಯಾಹ್ನ ಅವ್ವ ಮಂಜಮ್ಮನನ್ನೂ ತಂಗಿ ಸಮತಾಳನ್ನೂ ಕೂರಿಸಿಕೊಂಡು ಉಚ್ಚಂಗಿದುರ್ಗದ ಚಿಕ್ಕಮ್ಮನ ಮನೆಗೆ ಹೊರಟ.

ಅವರು ಹೋಗಿ ಸ್ವಲ್ಪ ಹೊತ್ತಾಗಿತ್ತು. ಬಿಸಿಲಿಗೆ ಬಿದ್ದಿದ್ದ ಜಾಕಿನ ಹಿಡಿಕೆಯನ್ನು ಎತ್ತಲು ಹೋದ ಮೌಲಾಸಾಬರು ಕೈ ಸುಟ್ಟುಕೊಂಡು, ಏಪ್ರಿಲ್ಲಿನ ಬಿಸಿಲಿಗೆ ಶಾಪ ಹಾಕುತ್ತ ಒಳಗೆ ಬಂದರು. ಮುಬೀನಾಳ ಕಣ್ಣ ಮುಂದೆ ಲ್ಯಾಪ್‌ಟಾಪಿನ ಪರದೆ ಬಂತು. ಕಾರು ಹೊರಡುವ ಮುಂಚೆ ಕೊನೆಯ ಸಲ ನೋಡಿದಾಗ, ಇಂಜಿನ್ನಿಗೆ ಹೋಗುವ ಗಾಳಿಯ ಶಾಖ ಇಪ್ಪತ್ತನಾಲ್ಕು ಡಿಗ್ರಿ ಎಂದಿತ್ತು. ಆಗಲೂ ಹೊರಗೆ ಡಾಂಬರು ಕರಗುವ ಬಿಸಿಲು. ಟರ್ಬೊ ಒತ್ತಿದ ಗಾಳಿ ಅದಕ್ಕಿಂತಲೂ ಕಾದಿರಬೇಕು. ಇಪ್ಪತ್ತನಾಲ್ಕು ಎಲ್ಲಿಂದ ಬಂತು?

ಆಗ ಹೊಳೆಯಿತು. ಗಾಳಿಯ ಶಾಖ ಅಳೆಯುವ ಸೆನ್ಸರಿಗೆ ಬೇರೊಂದು ಸೆನ್ಸರಿನ ಲೆಕ್ಕವನ್ನು ಹಾಕಿಬಿಟ್ಟಿದ್ದಳು. ಬೆಳಗಿನ ತಂಪಿನಲ್ಲಿ ತಪ್ಪು ಗೊತ್ತಾಗಿರಲಿಲ್ಲ. ಈಗ ಇಂಜಿನ್ ಸುಡುಗಾಳಿ ಕುಡಿಯುತ್ತಿದ್ದರೂ ಕಂಪ್ಯೂಟರು ಗಾಳಿ ತಂಪಾಗಿದೆ ಎಂದೇ ತಿಳಿದು ಬೇಗನೆ ಕಿಡಿ ಹಾರಿಸುತ್ತಿತ್ತು. ಪಿಸ್ಟನ್ ಕುಟ್ಟಿದರೆ ಕೇಳಬೇಕಾದ ಕಿವಿಯನ್ನು ಅವಳೇ ಮುಚ್ಚಿದ್ದಳು. ಇಂಜಿನ್ ತುಂಬ ದುಡಿಯುವುದು ದುರ್ಗದ ಏರಿನಲ್ಲಿ. ತಿರುವಿನಲ್ಲಿ ಇಂಜಿನ್ ಒಡೆದರೆ ಸ್ಟೇರಿಂಗ್ ಗಡುಸಾಗುತ್ತದೆ, ಬ್ರೇಕು ಕಲ್ಲಾಗುತ್ತದೆ, ತುಂಬಿದ ಕಾರು ಹಿಂದಕ್ಕೆ ಉರುಳುತ್ತದೆ.

ಫೋನ್ ಮಾಡಿದಳು. ಸ್ವಿಚ್ಡ್ ಆಫ್. ಮತ್ತೆ ಮಾಡಿದಳು.

ಅಪ್ಪನಿಗೆ ಎಲ್ಲ ಹೇಳಿದಳು. ಮೌಲಾಸಾಬರು ಬಯ್ಯಲಿಲ್ಲ. ಕೈ ಒರೆಸಿಕೊಂಡು ಹಳೆಯ ವ್ಯಾನಿನ ಕೀಲಿ ತೆಗೆದುಕೊಂಡರು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ.

ಹರಪನಹಳ್ಳಿ ತಲುಪುವವರೆಗೂ ಅವಳು ಫೋನ್ ಕಿವಿಯಿಂದ ತೆಗೆಯಲಿಲ್ಲ. ಎದುರಿಗೆ ಕೆಂಪು ಬಣ್ಣದ್ದೇನು ಬಂದರೂ ಮೈ ಜುಮ್ಮೆನ್ನುತ್ತಿತ್ತು. ಒಂದು ಕಡೆ ರಸ್ತೆ ಬದಿಯಲ್ಲಿ ಜನ ಗುಂಪುಗೂಡಿದ್ದರು. ಅಪ್ಪ ವ್ಯಾನು ನಿಧಾನ ಮಾಡಿದಾಗ ಕಣ್ಣು ಮುಚ್ಚಿಕೊಂಡಳು. ಕಲ್ಲಂಗಡಿ ತುಂಬಿದ ಟೆಂಪೊದ ಟೈರು ಒಡೆದಿತ್ತು, ಅಷ್ಟೇ. ಹರಪನಹಳ್ಳಿಯ ಬಂಕಿನಲ್ಲಿ ವಿಚಾರಿಸಿದರೆ ಕೆಂಪು ಕಾರು ಪೆಟ್ರೋಲ್ ಹಾಕಿಸಿಕೊಂಡು ಆಗಲೇ ಮುಂದೆ ಹೋಗಿತ್ತು. ಹುಡುಗ ಗಾಡಿ ಜೋರು ಬಿಟ್ಟ ಎಂದು ಬಂಕಿನವನು ಮೆಚ್ಚಿಕೊಂಡೇ ಹೇಳಿದ.

ಅವರು ಸಿಕ್ಕಿದ್ದು ದುರ್ಗದ ಕೆಳಗೆ, ಏರು ಶುರುವಾಗುವ ಮುಂಚಿನ ಹಣ್ಣಿನ ಅಂಗಡಿಯ ಹತ್ತಿರ. ಮಂಜಮ್ಮ ಬಾಳೆಹಣ್ಣು ಆರಿಸುತ್ತಿದ್ದಳು. ಸಮತಾ ಬೇವಿನ ನೆರಳಲ್ಲಿ ಸೌತೆಕಾಯಿ ತಿನ್ನುತ್ತಿದ್ದಳು. ಮುಬೀನಾ ವ್ಯಾನು ಪೂರ್ತಿ ನಿಲ್ಲುವ ಮೊದಲೇ ಇಳಿದಳು.

ಕ್ರಾಂತಿಕುಮಾರನಿಗೆ ಖುಷಿಯೋ ಖುಷಿ. ಫೋನಿನ ಚಾರ್ಜ್ ಮುಗಿದಿದ್ದು ಬಿಟ್ಟರೆ ಎಲ್ಲ ಭರ್ಜರಿ, ಇಂಥ ಓಟ ಜನ್ಮದಲ್ಲಿ ಕಂಡಿಲ್ಲ ಎಂದ. ಅವಳು ಉಸಿರು ಸಾಲದೆ ಹೇಳುತ್ತ ಹೋದಂತೆ ಅವನ ಮುಖದ ನಗೆ ಆರಿತು. ಆದರೂ ನಂಬಲಿಲ್ಲ. ತೊಂದರೆಯಿದ್ದರೆ ದೀಪ ಹತ್ತುತ್ತಿರಲಿಲ್ಲವೇ ಎಂದು ಕೇಳಿದ.

"ಈ ಪೆಟ್ಟಿಗಿಗೆ ದೀಪ ಹಚ್ಚು ಅಂತ ನಾ ಹೇಳೇ ಇಲ್ರಿ," ಎಂದಳು ಮುಬೀನಾ.

ಆಗ ಮಂಜಮ್ಮ ಹಣ್ಣಿನ ಚೀಲ ಹಿಡಿದು ಹತ್ತಿರ ಬಂದಳು. "ನಾ ಆಗಲೇ ಹೇಳಿದೆಲ್ಲಪ, ಡಬ್ಬಿಯೊಳಗ ಹುಣಸಿಬೀಜ ಅಲ್ಲಾಡಿಸಿದಂಗ ಸಪ್ಪಳ ಬರಕತ್ತೈತಿ ಅಂತ. ರಸ್ತಿ ಮ್ಯಾಲಿನ ಕಲ್ಲು ಅಂದಿ."

ಕ್ರಾಂತಿಕುಮಾರ ಕಾರಿನ ಕಡೆ ನೋಡಿದ. ಆಮೇಲೆ ಅವ್ವನ ಕಡೆ.

ಮುಬೀನಾ ಲ್ಯಾಪ್‌ಟಾಪ್ ಜೋಡಿಸಿ ಟರ್ಬೊ ಒತ್ತಡವನ್ನು ಇಳಿಸಬಹುದಾದಷ್ಟು ಇಳಿಸಿದಳು, ಕಿಡಿ ತುಸು ತಡವಾಗಿ ಹಾರುವಂತೆ ಮಾಡಿದಳು. ಬೆರಳು ಎರಡು ಸಲ ತಪ್ಪು ಕಡೆ ಹೋಯಿತು. ಅವನು ಅವಳ ಹೆಗಲ ಹಿಂದೆಯೇ ನಿಂತಿದ್ದ.

"ಈಗ ಸರಿ ಆತಂತ ಹೆಂಗ ನಂಬ್ಲಿ?"

"ನನಗೂ ಗೊತ್ತಿಲ್ರಿ," ಎಂದಳು ಅವಳು. "ಒಳಗ ಪಿಸ್ಟನ್ ಆಗಲೇ ಸೀಳಿದ್ರ ಇದು ಯಾವುದೂ ಉಪಯೋಗಿಲ್ಲ. ತಪ್ಪು ನಂದು. ಗುಡ್ಡಕ್ಕ ಮಾತ್ರ ಒಯ್ಯಬ್ಯಾಡ್ರಿ."

ಮೌಲಾಸಾಬರು ಮುಂದೆ ಬಂದು, ತಾಯಿ ಮಗಳನ್ನು ವ್ಯಾನಿನಲ್ಲಿ ತಾವು ಮೇಲೆ ಬಿಟ್ಟು ಬರುವುದಾಗಿ ಹೇಳಿದರು. ಟೋಯಿಂಗ್ ಗಾಡಿ ದಾವಣಗೆರೆಯಿಂದ ಬರಬೇಕಿತ್ತು, ಸಂಜೆಯಾಗುತ್ತದೆ ಎಂದರು. ಸಪಾಟು ರಸ್ತೆಯಲ್ಲಿ ಕೊಟ್ಟೂರಿಗೆ ತಾನೇ ಮೆಲ್ಲಗೆ ಹೊಡೆದುಕೊಂಡು ಹೋಗುತ್ತೇನೆಂದ ಕ್ರಾಂತಿಕುಮಾರ. ಮುಬೀನಾ ಕೇಳದೆಯೇ ಪಕ್ಕದ ಸೀಟಿನಲ್ಲಿ ಕುಳಿತಳು.

ಬರುವಾಗ ಹಾರಿದ ಕಾರು ಈಗ ತೆವಳುತ್ತ ಹೋಯಿತು. ಎಸಿ ಆಫ್, ಗಾಜು ಕೆಳಗೆ, ಬಿಸಿಗಾಳಿ ಮುಖಕ್ಕೆ ಬಡಿಯುತ್ತಿತ್ತು. ಇಬ್ಬರೂ ಆಲಿಸುತ್ತ ಕುಳಿತಿದ್ದರು. ದಾರಿಯ ನಡುವೆ ಇಂಜಿನ್ ಒಮ್ಮೆ ನಡುಗಿತು, ಸೈಲೆನ್ಸರಿನಿಂದ ನೀಲಿ ಹೊಗೆ ಬಂತು. ಮುಬೀನಾ ಬಾಗಿಲಿನ ಹಿಡಿಕೆ ಬಿಗಿಹಿಡಿದಳು. ಕ್ರಾಂತಿಕುಮಾರ ಕಾರು ಪಕ್ಕಕ್ಕೆ ತಂದು ಕೀಲಿ ತಿರುಗಿಸಿದ. ಇನ್ನು ಮುಂದಕ್ಕೆ ಇಬ್ಬರಿಗೂ ಧೈರ್ಯವಾಗಲಿಲ್ಲ. ಮೌಲಾಸಾಬರ ವ್ಯಾನು ಬಂದು ಹಗ್ಗ ಕಟ್ಟುವವರೆಗೆ ಜಾಲಿ ಮರದ ಸಣ್ಣ ನೆರಳಿನಲ್ಲಿ ಕಾದರು. ಅವಳಿಗೆ ಕ್ಷಮೆ ಕೇಳಬೇಕೆನಿಸಿತು. ಹೇಗೆ ಶುರುಮಾಡುವುದೆಂದು ತಿಳಿಯದೆ ನೀರಿನ ಬಾಟಲಿ ಮುಂದೆ ಹಿಡಿದಳು. ಅವನು ತೆಗೆದುಕೊಂಡ.

ಗ್ಯಾರೇಜಿನಲ್ಲಿ ಇಂಜಿನ್ ಬಿಚ್ಚಿದಾಗ ಅವನೂ ಬಂದಿದ್ದ. ಮೂರನೆಯ ಪಿಸ್ಟನ್ನಿನ ಅಂಚು ಇಲಿ ಕಚ್ಚಿದ ಹಾಗಿತ್ತು, ರಿಂಗಿನ ಕೆಳಗೆ ಉದ್ದಕ್ಕೆ ಬಿರುಕು. ಮೌಲಾಸಾಬರು ಅದನ್ನು ಬೆಳಕಿಗೆ ಹಿಡಿದು ನೋಡಿ, ಏರಿನ ಮೊದಲ ತಿರುವನ್ನೂ ಇದು ದಾಟುತ್ತಿರಲಿಲ್ಲ ಎಂದರು. ಕ್ರಾಂತಿಕುಮಾರ ಪಿಸ್ಟನ್ನನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ. ಸಿಟ್ಟಾಗುತ್ತಾನೆಂದು ಮುಬೀನಾ ಕಾದಳು. ಅವನು ಕಂಪನಿಯ ಕಂಪ್ಯೂಟರು ಇನ್ನೂ ಇದೆಯೇ ಎಂದು ಕೇಳಿದ, ಹಳೆಯ ಟರ್ಬೊ ಕೂಡ ವಾಪಸು ಹಾಕಿಬಿಡಿ ಎಂದ. ಕಾರನ್ನು ಬೇರೆ ಕಡೆ ಒಯ್ಯುವ ಮಾತು ಎತ್ತಲಿಲ್ಲ.

ಕಾರು ಮತ್ತೆ ಎದ್ದು ನಿಂತಾಗ ಮುಬೀನಾ ಅದನ್ನು ಬೆಳಗಿನ ತಂಪಿನಲ್ಲಿ ಹೊರಗೆ ತೆಗೆಯಲಿಲ್ಲ. ಮಟಮಟ ಮಧ್ಯಾಹ್ನ ಕೂಡ್ಲಿಗಿ ರಸ್ತೆಯಲ್ಲಿ ತಾನೊಬ್ಬಳೇ ಓಡಿಸಿದಳು. ಕಾರಿನಲ್ಲಿ ಬಾಣದ ಓಟವಿರಲಿಲ್ಲ. ಒಂದು ದಿಬ್ಬದಲ್ಲಿ ಅವಳು ಬೇಕೆಂದೇ ಕಾಲು ಒತ್ತಿದಳು. ಕಂಪನಿಯ ಕಂಪ್ಯೂಟರು ಇಂಜಿನ್ನನ್ನು ತುಸು ಹಿಡಿದು, ನೋಡಿ, ಆಮೇಲೆ ಬಿಟ್ಟಿತು. ಅವಳ ಅಂಗೈ ಬೆವರಿನಿಂದ ಸ್ಟೇರಿಂಗ್ ಮೇಲೆ ಜಾರುತ್ತಿತ್ತು. ಒರೆಸಿಕೊಂಡು, ಮುಂದಿನ ದಿಬ್ಬದ ಕಡೆ ಹೊರಟಳು.